ಯಾರ ಕಣ್ಣಿನಿಂದ ನೋಡಿ ಅಶ್ಲೀಲ ಅನ್ನಬೇಕು?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ ನೆಲೆಸಿ ಹತ್ತು ವರ್ಷ ದಾಟಿತು. ಮಗಳಿಗೆ 15, ಮಗನಿಗೆ 11. ಅಶ್ಲೀಲ ವೆಬ್‌ಸೈಟ್ ನೋಡಬೇಕಾದರೆ ವಯಸ್ಸಿನ ದಾಖಲೆ ತೋರಿಸಬೇಕು ಎಂಬ ಇಲ್ಲಿನ ಕಾನೂನನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಾಗ ತಾಯಿಯಾಗಿ ನನಗೆ ಸಮಾಧಾನವಾಯಿತು. ಆಮೇಲೆ ನಮ್ಮೂರಿನ ಲೈಬ್ರರಿಯಲ್ಲಿ, ಮಗಳು ಮೈನೆರೆದಾಗ ನಾನೇ ಅವಳಿಗೆ ತಂದುಕೊಟ್ಟಿದ್ದ ದೇಹದ ಬೆಳವಣಿಗೆಯ ಪುಸ್ತಕ ಕಾಣೆಯಾಯಿತು. ಕೇಳಿದರೆ 'ತೆಗೆದಿದ್ದೇವೆ' ಎಂದಷ್ಟೇ ಉತ್ತರ. ಅಮೆರಿಕದಲ್ಲಿ ಮಾತಿನ ಸ್ವಾತಂತ್ರ್ಯಕ್ಕೆ ಮಿತಿಯೇ ಇಲ್ಲ ಎಂದು ಕೇಳಿಕೊಂಡು ಬಂದವರು ನಾವು. ಅಶ್ಲೀಲ ಯಾವುದು ಎಂದು ಇಲ್ಲಿ ತೀರ್ಮಾನಿಸುವವರು ಯಾರು? ಮೊದಲನೆಯದಕ್ಕೆ ಹೂಂ ಅಂದು ಎರಡನೆಯದಕ್ಕೆ ಬೇಡ ಅನ್ನುವುದು ನನ್ನ ಇಬ್ಬಂದಿತನವೇ?

ಉತ್ತರ: ಇಬ್ಬಂದಿತನ ಖಂಡಿತ ಅಲ್ಲ. ನಿಮ್ಮ ಸಮಾಧಾನಕ್ಕೂ ಕಾರಣ ಇದೆ, ಕಳವಳಕ್ಕೂ ಇದೆ. ಅಮೆರಿಕದ ನ್ಯಾಯಾಲಯಗಳು ನೂರೈವತ್ತು ವರ್ಷಗಳಿಂದ ಹೊಯ್ದಾಡುತ್ತಿರುವುದು ನೀವು ನಿಂತಿರುವ ಜಾಗದಲ್ಲೇ. ಸಂವಿಧಾನ ಕಾನೂನಿನ ಪಾಠ ಹೇಳುವಾಗ ನಾನು ಈ ವಿಷಯಕ್ಕೆ ಬಂದರೆ ಹುಡುಗರಿಗೆ ಮೊದಲು ಹೇಳುವುದು ಇಷ್ಟು: ಪುಸ್ತಕದಲ್ಲಿ ಏನಿದೆ ಅಂತ ಆಮೇಲೆ ನೋಡೋಣ, ಕಾನೂನು ಯಾವ ಓದುಗನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ಪುಸ್ತಕವನ್ನು ಅಳೆಯುತ್ತಿದೆ ಅಂತ ಮೊದಲು ಕೇಳಿ. ನಿಮ್ಮ ಎರಡೂ ಪ್ರಶ್ನೆಗಳಿಗೆ ದಾರಿ ಅಲ್ಲಿಂದಲೇ ಸಿಗುತ್ತದೆ.

'ಮಿತಿಯೇ ಇಲ್ಲ' ಎಂಬ ಮಾತನ್ನು ಮೊದಲು ಪಕ್ಕಕ್ಕಿಡೋಣ. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಮೊದಲ ತಿದ್ದುಪಡಿ, ಮಾತಿನ ಮತ್ತು ಪತ್ರಿಕೆಗಳ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಯಾವ ಕಾನೂನನ್ನೂ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮಾಡಕೂಡದು ಅನ್ನುತ್ತದೆ. ಓದಿದರೆ ಕಲ್ಲಿನಲ್ಲಿ ಕೆತ್ತಿದ ಹಾಗಿದೆ. ಆದರೆ 1957ರ ರಾತ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅಶ್ಲೀಲಕ್ಕೆ ಈ ರಕ್ಷಣೆ ಸಿಗುವುದಿಲ್ಲ ಎಂದು ತೀರ್ಮಾನಿಸಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ರೆನನ್ ಇನ್ನೊಂದು ಮಾತನ್ನೂ ಬರೆದರು: ಕಾಮ ಮತ್ತು ಅಶ್ಲೀಲ ಒಂದೇ ಅಲ್ಲ. ಹೀಗಾಗಿ ಜಗಳವೆಲ್ಲ ಒಂದು ಪದದ ಅರ್ಥಕ್ಕೆ ಬಂದು ನಿಂತಿತು. ಆ ಪದದೊಳಗೆ ಬಿದ್ದರೆ ಜೈಲು, ಹೊರಗಿದ್ದರೆ ಸಂವಿಧಾನದ ರಕ್ಷಣೆ.

ಆ ಪದದ ಹಳೆಯ ಅರ್ಥ ಇಂಗ್ಲೆಂಡಿನಿಂದ ಬಂದದ್ದು. 1868ರ ಹಿಕ್ಲಿನ್ ತೀರ್ಪಿನ ಪ್ರಕಾರ, ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವ ಮನಸ್ಸಿನವರ ಕೈಗೆ ಬಿದ್ದರೆ ಅವರನ್ನು ಕೆಡಿಸುವ ಸಾಧ್ಯತೆ ಇರುವ ಬರಹವೆಲ್ಲ ಅಶ್ಲೀಲ. ಇಡೀ ಪುಸ್ತಕ ಓದಬೇಕಾಗಿಲ್ಲ, ಒಂದು ಪುಟ ಸಾಕು. ಬರೆದವರ ಉದ್ದೇಶವನ್ನೂ ಕೇಳಬೇಕಾಗಿಲ್ಲ. ಅತ್ಯಂತ ದುರ್ಬಲ ಓದುಗನೊಬ್ಬನನ್ನು ಊಹಿಸಿಕೊಂಡು ಅವನ ಅಳತೆಗೆ ದೇಶದ ಓದನ್ನೆಲ್ಲ ಕತ್ತರಿಸುವ ಲೆಕ್ಕ ಇದು. ಭಾರತದ ನಮಗೆ ಇದು ದೂರದ ಕಥೆಯಲ್ಲ. 1964ರಲ್ಲಿ ಮುಂಬಯಿಯ ಪುಸ್ತಕ ವ್ಯಾಪಾರಿಯೊಬ್ಬರ ಶಿಕ್ಷೆಯನ್ನು ಖಾಯಂ ಮಾಡುವಾಗ ನಮ್ಮ ಸುಪ್ರೀಂ ಕೋರ್ಟ್ ಒಪ್ಪಿಕೊಂಡದ್ದು ಇದೇ ಹಿಕ್ಲಿನ್ ಅಳತೆಗೋಲನ್ನು. ಅದನ್ನು ಕೈಬಿಟ್ಟದ್ದು 2014ರಲ್ಲಿ.

ಅಮೆರಿಕದಲ್ಲಿ ಈ ಅಳತೆಗೋಲು ಕೈಗೆ ಸಿಕ್ಕಿದ್ದು ಆಂಥನಿ ಕಾಮ್‌ಸ್ಟಾಕ್ ಎಂಬಾತನಿಗೆ. 1873ರಲ್ಲಿ ಕಾಂಗ್ರೆಸ್ ಮಾಡಿದ, ಅವನ ಹೆಸರಿನಿಂದಲೇ ಕರೆಯುವ ಕಾನೂನು, ಅಶ್ಲೀಲ ವಸ್ತುಗಳ ಜೊತೆಗೆ ಗರ್ಭನಿರೋಧಕಗಳನ್ನೂ ಅವುಗಳ ಬಗೆಗಿನ ಮಾಹಿತಿಯನ್ನೂ ಅಂಚೆಯಲ್ಲಿ ಕಳಿಸುವುದು ಅಪರಾಧ ಎಂದಿತು. ಕಾಮ್‌ಸ್ಟಾಕ್ ಅಂಚೆ ಇಲಾಖೆಯ ವಿಶೇಷ ಅಧಿಕಾರಿಯಾಗಿ ಸಾಯುವವರೆಗೂ, ಅಂದರೆ 1915ರವರೆಗೂ, ಲಕೋಟೆಗಳ ಬೆನ್ನು ಹತ್ತಿದ. ಮದುವೆಯಾದ ಹೊಸಬರಿಗೆ ತಿಳಿವಳಿಕೆ ಬರೆಯುತ್ತಿದ್ದ ಐಡಾ ಕ್ರಾಡಾಕ್ ಎಂಬ ಹೆಂಗಸು ಅವನು ಹೂಡಿದ ಮೊಕದ್ದಮೆಯ ನಂತರ 1902ರಲ್ಲಿ ಪ್ರಾಣ ಕಳೆದುಕೊಂಡರು. ಮಾರ್ಗರೆಟ್ ಸ್ಯಾಂಗರ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹುಡುಗಿಯರು ತಿಳಿದಿರಬೇಕಾದ ವಿಷಯಗಳ ಅಂಕಣ ಬರೆಯುತ್ತಿದ್ದರು. 1913ರಲ್ಲಿ ಗುಹ್ಯರೋಗಗಳ ಬಗೆಗಿನ ಕಂತನ್ನು ಅಂಚೆ ಇಲಾಖೆ ತಡೆದಾಗ, ಆ ಜಾಗದಲ್ಲಿ ಪತ್ರಿಕೆ ಅಂಕಣದ ಹೆಸರು ಹಾಕಿ, ಕೆಳಗೆ 'ಏನೂ ಇಲ್ಲ, ಅಂಚೆ ಇಲಾಖೆಯ ಅಪ್ಪಣೆಯಂತೆ' ಎಂದು ಅಚ್ಚು ಹಾಕಿತು.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಮಾತ್ರ ಮೇರಿ ವೇರ್ ಡೆನೆಟ್. 1915ರಲ್ಲಿ ಆಕೆಯ ಇಬ್ಬರು ಗಂಡುಮಕ್ಕಳು ಹೆಚ್ಚುಕಡಿಮೆ ನಿಮ್ಮ ಮಕ್ಕಳ ವಯಸ್ಸಿನವರು. ದೊಡ್ಡವನು ಪ್ರಶ್ನೆ ಕೇಳಲು ಶುರುಮಾಡಿದ್ದ. ಆಗ ಸಿಗುತ್ತಿದ್ದ ಪುಸ್ತಕಗಳನ್ನು ತರಿಸಿ ಓದಿದರು. ಕೆಲವು ಹೆದರಿಸುತ್ತಿದ್ದವು, ಕೆಲವು ಹೂವು ದುಂಬಿಯ ಕಥೆ ಹೇಳಿ ಮುಗಿಸುತ್ತಿದ್ದವು. ಕಾಮದಲ್ಲಿ ಸುಖವೂ ಪ್ರೀತಿಯೂ ಇದೆ ಎಂದು ಒಂದೂ ಹೇಳುತ್ತಿರಲಿಲ್ಲ. ಕೊನೆಗೆ ತಾವೇ ಕೂತು ಮಕ್ಕಳಿಗೆ ಅರ್ಥವಾಗುವ ಹಾಗೆ ಬರೆದರು. ಅವಯವಗಳಿಗೆ ಅವುಗಳ ಹೆಸರನ್ನೇ ಇಟ್ಟರು, ಚಿತ್ರ ಬರೆದರು. ಅದು ಕೈಯಿಂದ ಕೈಗೆ ಹೋಗಿ, 1918ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಆಮೇಲೆ ಕಿರುಹೊತ್ತಿಗೆಯಾಗಿ ದೇಶದ ಉದ್ದಗಲ ಓಡಾಡಿತು. 1922ರಲ್ಲಿ ಅಂಚೆ ಇಲಾಖೆ ಅದನ್ನು ನಿಷೇಧಿಸಿತು. ಮಕ್ಕಳಿಗೆ ಬೇಕು ಎಂದು ಕೇಳಿದ ತಂದೆತಾಯಿಯರಿಗೆ ಆಕೆ ಲಕೋಟೆಯಲ್ಲಿ ಹಾಕಿ ಕಳಿಸುವುದನ್ನು ಬಿಡಲಿಲ್ಲ. ಕೊನೆಗೆ ಅಂಚೆ ಇಲಾಖೆಯ ಇನ್‌ಸ್ಪೆಕ್ಟರನೊಬ್ಬ ಗೃಹಿಣಿಯ ಹೆಸರಿನಲ್ಲಿ ಪತ್ರ ಬರೆದು ಒಂದು ಪ್ರತಿ ತರಿಸಿಕೊಂಡ. ಅದೇ ಸಾಕ್ಷಿಯಾಯಿತು. 1929ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ವಿಚಾರಣೆ. ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರ ಗುಂಪಾದ ಜ್ಯೂರಿಯಲ್ಲಿ ಒಬ್ಬ ಹೆಂಗಸೂ ಇಲ್ಲ. ಅಪರಾಧಿ ಎಂದರು, 300 ಡಾಲರ್ ದಂಡ ಹಾಕಿದರು. ದಂಡ ಕಟ್ಟುವುದಿಲ್ಲ, ಬೇಕಾದರೆ ಜೈಲಿಗೆ ಹೋಗುತ್ತೇನೆ ಎಂದರು ಆಕೆ. ಅಷ್ಟು ಹೊತ್ತಿಗೆ ಅವರು ಐವತ್ತು ದಾಟಿದ್ದ ಅಜ್ಜಿ.

ಮರುವರ್ಷ ಮೇಲ್ಮನವಿಯಲ್ಲಿ ನ್ಯಾಯಾಧೀಶ ಅಗಸ್ಟಸ್ ಹ್ಯಾಂಡ್ ಆ ಶಿಕ್ಷೆಯನ್ನು ರದ್ದು ಮಾಡಿದರು. ಲೈಂಗಿಕ ವಿಷಯವನ್ನು ಗಂಭೀರ ಉದ್ದೇಶದಿಂದ, ಸಭ್ಯ ಭಾಷೆಯಲ್ಲಿ, ತಪ್ಪಿಲ್ಲದೆ ವಿವರಿಸಿದ ಬರಹವನ್ನು ಸಾಮಾನ್ಯವಾಗಿ ಅಶ್ಲೀಲ ಎನ್ನಲಾಗದು ಎಂದು ಬರೆದರು. ಒಬ್ಬ ತಾಯಿ ಮಕ್ಕಳಿಗೆ ಬರೆದ ಕಾಗದ ಅಪರಾಧ ಅಲ್ಲ ಎಂದು ಹೇಳಿಸಿಕೊಳ್ಳಲು ಹದಿನೈದು ವರ್ಷ ಹಿಡಿಯಿತು. ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಅಶ್ಲೀಲದ ಕಾನೂನು ಬಲೆ ಬೀಸಿದಾಗ ಮೊದಲು ಸಿಕ್ಕಿಬಿದ್ದವರಲ್ಲಿ ಕೊಳಕು ಚಿತ್ರ ಮಾರುವವರ ಜೊತೆಗೆ ಡೆನೆಟ್‌ರಂಥವರೂ ಇದ್ದರು. ನಿಮ್ಮ ಲೈಬ್ರರಿಯ ಖಾಲಿ ಜಾಗ ನಿಮಗೆ ಕಳವಳ ತಂದರೆ ಅದು ಅತಿರೇಕ ಅಲ್ಲ.

ಅಳತೆಗೋಲು ಬದಲಾದದ್ದು ನಿಧಾನವಾಗಿ. ಜಾಯ್ಸ್‌ನ 'ಯುಲಿಸಿಸ್' ಕಾದಂಬರಿಯನ್ನು ಸುಂಕದವರು ಹಿಡಿದಾಗ, 1933ರಲ್ಲಿ ನ್ಯಾಯಾಧೀಶ ವೂಲ್ಸಿ ಅದನ್ನು ಇಡಿಯಾಗಿ ಓದಿ, ಸಾಮಾನ್ಯ ವ್ಯಕ್ತಿಯ ಮೇಲೆ ಅದರ ಪರಿಣಾಮ ಏನು ಎಂದು ಕೇಳಿದರು, ಪುಸ್ತಕವನ್ನು ಒಳಗೆ ಬಿಟ್ಟರು. ಬಟ್ಲರ್ ಎಂಬ 1957ರ ಇನ್ನೊಂದು ತೀರ್ಪನ್ನು ನೀವು ನೆನಪಿಟ್ಟುಕೊಳ್ಳಬೇಕು. ಎಳೆಯರ ಮನಸ್ಸನ್ನು ಕೆಡಿಸಬಹುದಾದ ಪುಸ್ತಕವನ್ನು ಯಾರಿಗೂ, ದೊಡ್ಡವರಿಗೂ, ಮಾರಬಾರದು ಎಂದು ಮಿಷಿಗನ್ ರಾಜ್ಯ ಕಾನೂನು ಮಾಡಿತ್ತು. ಹಂದಿ ಸುಡಲು ಮನೆಗೇ ಬೆಂಕಿ ಇಟ್ಟ ಹಾಗಾಯಿತು ಎಂದರು ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್. ನಾವಾದರೆ ಇಲಿಯ ಮೇಲಿನ ಸಿಟ್ಟಿಗೆ ಮನೆ ಸುಟ್ಟರು ಅನ್ನುತ್ತೇವೆ. ದೊಡ್ಡವರು ಓದುವುದನ್ನು ಮಕ್ಕಳಿಗೆ ತಕ್ಕಷ್ಟಕ್ಕೆ ಇಳಿಸಕೂಡದು ಎಂಬುದು ಅಂದಿನಿಂದ ಅಮೆರಿಕದ ಕಾನೂನು.

ಅಲ್ಲಿಂದ 1973ರವರೆಗೆ ಗೊಂದಲವೋ ಗೊಂದಲ. ಓಹಾಯೋದ ಚಿತ್ರಮಂದಿರದ ವ್ಯವಸ್ಥಾಪಕನೊಬ್ಬನ ಶಿಕ್ಷೆಯನ್ನು 1964ರಲ್ಲಿ ರದ್ದು ಮಾಡುವಾಗ ನ್ಯಾಯಮೂರ್ತಿ ಸ್ಟೂವರ್ಟ್, ಅಪ್ಪಟ ಅಶ್ಲೀಲವನ್ನು ವ್ಯಾಖ್ಯಾನಿಸಲಾರೆ, ನೋಡಿದರೆ ಗೊತ್ತಾಗುತ್ತದೆ ಎಂದು ಬರೆದರು. ಈ ಮಾತನ್ನು ಜನ ನಗುನಗುತ್ತಾ ಹೇಳುತ್ತಾರೆ. ಜೈಲಿಗೆ ಹೋಗಬೇಕಾದವನಿಗೆ ಅದು ಭಯಾನಕ ವಾಕ್ಯ. ನ್ಯಾಯಮೂರ್ತಿಗೆ ನೋಡಿದ ಮೇಲೆ ಗೊತ್ತಾಗುವುದು, ತೋರಿಸುವವನಿಗೆ ತೋರಿಸುವ ಮೊದಲೇ ಗೊತ್ತಿರಬೇಕಲ್ಲ?

ಈಗ ಚಾಲ್ತಿಯಲ್ಲಿರುವ ಅಳತೆಗೋಲು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನ ಒಂದು ರೆಸ್ಟೋರೆಂಟಿನಲ್ಲಿ. ಅಲ್ಲಿನ ಮ್ಯಾನೇಜರ್ ತನ್ನ ತಾಯಿಯ ಜೊತೆ ನಿಂತು ಅಂದಿನ ಟಪಾಲು ಬಿಡಿಸುತ್ತಿದ್ದ. ಒಂದು ಲಕೋಟೆಯಿಂದ ಐದು ಜಾಹೀರಾತು ಪತ್ರಗಳು ಹೊರಬಿದ್ದವು. ಅವರು ತರಿಸಿದ್ದಲ್ಲ, ಕೇಳಿದ್ದಲ್ಲ. ಅವುಗಳ ತುಂಬ ಗಂಡು ಹೆಣ್ಣುಗಳ ಸಂಭೋಗದ ಚಿತ್ರಗಳೇ. ಅವರು ಪೊಲೀಸರಿಗೆ ದೂರು ಕೊಟ್ಟರು. ಕಳಿಸಿದ ವ್ಯಾಪಾರಿ ಮಾರ್ವಿನ್ ಮಿಲ್ಲರ್‌ನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 5-4ರ ಬಹುಮತದಲ್ಲಿ ಮೂರು ಪ್ರಶ್ನೆಗಳಾಗಿ ಹೊರಬಂತು. ಆಯಾ ಸಮುದಾಯದ ಇಂದಿನ ಮಾನದಂಡದಿಂದ ನೋಡುವ ಸಾಮಾನ್ಯ ವ್ಯಕ್ತಿಗೆ, ಇಡೀ ಕೃತಿ ವಿಕಾರದ ಕಾಮಾಸಕ್ತಿಯನ್ನೇ ಕೆದಕುತ್ತದೆ ಅನ್ನಿಸುತ್ತದೆಯೇ? ಕಾನೂನು ಮೊದಲೇ ಹೆಸರಿಸಿ ಹೇಳಿರುವ ಲೈಂಗಿಕ ಕ್ರಿಯೆಯನ್ನು ಅದು ಎದ್ದು ಕಾಣುವಷ್ಟು ಹೇಸಿಗೆಯಾಗಿ ತೋರಿಸುತ್ತದೆಯೇ? ಇಡಿಯಾಗಿ ನೋಡಿದರೆ ಅದಕ್ಕೆ ಸಾಹಿತ್ಯ, ಕಲೆ, ರಾಜಕೀಯ, ವಿಜ್ಞಾನ ಯಾವುದರ ದೃಷ್ಟಿಯಿಂದಲೂ ಗಂಭೀರ ಬೆಲೆ ಇಲ್ಲವೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ಅಶ್ಲೀಲ. ಒಂದು ತಪ್ಪಿದರೂ ಅದು ರಕ್ಷಣೆ ಇರುವ ಮಾತು. 1987ರಲ್ಲಿ ಕೋರ್ಟ್ ಇನ್ನೂ ಒಂದನ್ನು ಸ್ಪಷ್ಟಪಡಿಸಿತು: ಮೂರನೆಯ ಪ್ರಶ್ನೆಗೆ ಊರಿನ ಅಭಿಪ್ರಾಯ ಲೆಕ್ಕಕ್ಕಿಲ್ಲ. ಊರು ಮೆಚ್ಚದಿದ್ದರೂ ಕೃತಿಯ ಬೆಲೆ ಕಡಿಮೆಯಾಗುವುದಿಲ್ಲ.

ಹಾಗಾಗಿ 'ಯಾರು ತೀರ್ಮಾನಿಸುತ್ತಾರೆ' ಎಂಬ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮೂರನ್ನೂ ಆ ಊರಿನ ಜ್ಯೂರಿ, ಅದರ ಮೇಲೆ ಕಣ್ಣಿಟ್ಟ ನ್ಯಾಯಾಧೀಶರು. ಮೊದಲ ಎರಡಕ್ಕೆ ಊರಿನ ಮಾನದಂಡ, ಮೂರನೆಯದಕ್ಕೆ ಅದು ಬೇಡ. ಇದು ಕೆಲವೊಮ್ಮೆ ಚೆನ್ನಾಗಿ ಕೆಲಸ ಮಾಡಿದೆ. 1990ರಲ್ಲಿ ಸಿನ್ಸಿನಾಟಿಯ ಕಲಾಕೇಂದ್ರವೊಂದು ರಾಬರ್ಟ್ ಮೇಪಲ್‌ಥೋರ್ಪ್‌ನ 175 ಛಾಯಾಚಿತ್ರಗಳನ್ನು ಪ್ರದರ್ಶಿಸಿದಾಗ ಏಳು ಚಿತ್ರಗಳಿಗಾಗಿ ಕೇಂದ್ರದ ಮೇಲೂ ನಿರ್ದೇಶಕರ ಮೇಲೂ ಕೇಸು ಬಿತ್ತು. ಸಂಪ್ರದಾಯಸ್ಥ ಎಂದೇ ಹೆಸರಾದ ಊರು. ಜ್ಯೂರಿ ಕಲಾವಿಮರ್ಶಕರ ಸಾಕ್ಷ್ಯ ಕೇಳಿ ಎಲ್ಲರನ್ನೂ ಬಿಡುಗಡೆ ಮಾಡಿತು.

ಇಲ್ಲಿ ಒಂದು ಮಾತು, ಕನ್ನಡದ ಪದಕ್ಕೆ ಸಂಬಂಧಪಟ್ಟದ್ದು. ನಮ್ಮ ಆಲಂಕಾರಿಕರು ಅಶ್ಲೀಲವನ್ನು ಕಾವ್ಯದೋಷ ಎಂದು ಎಣಿಸುವಾಗ ಮೂರು ಬಗೆ ಹೇಳುತ್ತಾರೆ: ನಾಚಿಕೆ ತರುವುದು, ಜುಗುಪ್ಸೆ ತರುವುದು, ಅಮಂಗಲವನ್ನು ಸೂಚಿಸುವುದು. ಅಮೆರಿಕದ ಕಾನೂನು ಈ ಮೂರರಲ್ಲಿ ಕಾಮಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಹಿಡಿದುಕೊಂಡಿದೆ. ರಕ್ತಪಾತದ ವಿಡಿಯೊ ಗೇಮ್‌ಗಳನ್ನು ಅಪ್ರಾಪ್ತರಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾ ಕಾನೂನನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು, ಹಿಂಸೆ ಅಶ್ಲೀಲದ ಲೆಕ್ಕಕ್ಕೆ ಬರುವುದಿಲ್ಲ ಎಂದು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೇಯರ್ ಕೇಳಿದರು: ಹದಿಮೂರರ ಹುಡುಗನಿಗೆ ಬೆತ್ತಲೆ ಹೆಣ್ಣಿನ ಚಿತ್ರ ಮಾರುವುದು ತಪ್ಪು, ಅದೇ ಹೆಣ್ಣನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟ ಮಾರುವುದು ಸರಿಯೇ? ಹಿಂಸೆಯನ್ನೂ ನಿಷೇಧದ ಪಟ್ಟಿಗೆ ಸೇರಿಸಬೇಕು ಎಂಬುದಕ್ಕೆ ನನ್ನ ಒಪ್ಪಿಗೆ ಇಲ್ಲ. ಆದರೆ ಆ ಪ್ರಶ್ನೆಗೆ ಇವತ್ತಿನವರೆಗೂ ಒಳ್ಳೆಯ ಉತ್ತರ ಬಂದಿಲ್ಲ ಎಂಬುದನ್ನು ಒಪ್ಪಲೇಬೇಕು.

ಇನ್ನು ಮಕ್ಕಳ ವಿಷಯ. ಮಕ್ಕಳನ್ನೇ ಬಳಸಿ ತೆಗೆದ ಲೈಂಗಿಕ ಚಿತ್ರಗಳಿಗೆ 1982ರ ಫರ್ಬರ್ ತೀರ್ಪಿನಿಂದ ಯಾವ ರಕ್ಷಣೆಯೂ ಇಲ್ಲ. ಅಲ್ಲಿ ಮಿಲ್ಲರ್‌ನ ಮೂರು ಪ್ರಶ್ನೆಗಳನ್ನೂ ಕೇಳುವುದಿಲ್ಲ, ಕೇಳಬಾರದು ಕೂಡ. ಆ ಚಿತ್ರ ಇದೆ ಎಂದರೆ ಒಂದು ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದೇ ಅರ್ಥ. ಮಕ್ಕಳು ನೋಡುಗರಾದಾಗಿನ ಕಾನೂನು ಬೇರೆ. ಲಾಂಗ್ ಐಲೆಂಡಿನ ಒಂದು ಚಿಕ್ಕ ಅಂಗಡಿಯವನು ಹದಿನಾರರ ಹುಡುಗನಿಗೆ ಅರೆನಗ್ನ ಚಿತ್ರಗಳ ಮ್ಯಾಗಜಿನ್ ಮಾರಿದ್ದ. ಕೇಸು ಹಾಕಿಸಲೆಂದು ಹುಡುಗನನ್ನು ಕಳಿಸಿದ್ದು ಅವನ ತಾಯಿಯೇ. 1968ರ ಈ ಗಿನ್ಸ್‌ಬರ್ಗ್ ಮೊಕದ್ದಮೆಯಲ್ಲಿ ಕೋರ್ಟ್ ಹೇಳಿದ್ದು: ದೊಡ್ಡವರ ಪಾಲಿಗೆ ಅಶ್ಲೀಲ ಅಲ್ಲದ್ದನ್ನೂ ಅಪ್ರಾಪ್ತರಿಗೆ ಮಾರದಂತೆ ತಡೆಯಬಹುದು. ಬಟ್ಲರ್ ಮತ್ತು ಗಿನ್ಸ್‌ಬರ್ಗ್ ಎರಡನ್ನೂ ಒಟ್ಟಿಗೆ ಹಿಡಿದರೆ ಸಿಗುವುದು ಅಂಗಡಿಯ ಗಲ್ಲಾಪೆಟ್ಟಿಗೆಯ ಕಾನೂನು. ಮುಖ ನೋಡು, ಅನುಮಾನ ಬಂದರೆ ಗುರುತಿನ ಚೀಟಿ ಕೇಳು, ದೊಡ್ಡವರಿಗೆ ಕೊಡು, ಚಿಕ್ಕವರನ್ನು ವಾಪಸ್ ಕಳಿಸು.

ಇಂಟರ್‌ನೆಟ್‌ನಲ್ಲಿ ಗಲ್ಲಾಪೆಟ್ಟಿಗೆ ಎಲ್ಲಿದೆ? 1996ರಲ್ಲಿ ಕಾಂಗ್ರೆಸ್ 'ಅಸಭ್ಯ' ಎನ್ನುವುದನ್ನೆಲ್ಲ ಮಕ್ಕಳ ಕಣ್ಣಿಗೆ ಬೀಳದಂತೆ ತಡೆಯಲು ಮಾಡಿದ ಕಾನೂನನ್ನು 1997ರ ರೀನೋ ತೀರ್ಪು ಹೊಡೆದುಹಾಕಿತು. 1998ರ ಎರಡನೆಯ ಪ್ರಯತ್ನವೂ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮನೆಯಲ್ಲೇ ಫಿಲ್ಟರ್ ಹಾಕಿಕೊಳ್ಳುವ ದಾರಿ ಇರುವಾಗ ದೊಡ್ಡವರ ಹಕ್ಕಿಗೆ ಅಷ್ಟು ದೊಡ್ಡ ಪೆಟ್ಟು ಯಾಕೆ ಎಂದು ಕೋರ್ಟ್ 2004ರಲ್ಲಿ ಕೇಳಿತ್ತು. ಅಂದಿನ ಮನೆಗಳಲ್ಲಿ ಹಜಾರದ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇರುತ್ತಿತ್ತು. ಈಗ ಹನ್ನೊಂದರ ಮಗುವಿನ ಜೇಬಿನಲ್ಲೂ ಫೋನ್ ಇದೆ. ನಿಮ್ಮ ಟೆಕ್ಸಸ್ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಪ್ರಾಪ್ತರಿಗೆ ಹಾನಿಕರವಾದ ಲೈಂಗಿಕ ವಸ್ತುವಿರುವ ವ್ಯಾಪಾರಿ ವೆಬ್‌ಸೈಟ್ ನೋಡುಗರ ವಯಸ್ಸನ್ನು ದಾಖಲೆಯಿಂದ ಖಚಿತಪಡಿಸಿಕೊಳ್ಳಬೇಕು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಥಾಮಸ್ ಬರೆದ ತೀರ್ಪಿನ ಸಾರ: ಚಿಕ್ಕವರನ್ನು ತಡೆಯುವ ಅಧಿಕಾರ ಇದೆ ಎಂದಮೇಲೆ ವಯಸ್ಸು ಕೇಳುವ ಅಧಿಕಾರವೂ ಇದೆ, ದೊಡ್ಡವರಿಗೆ ಆಗುವ ತೊಂದರೆ ಅದರ ಜೊತೆಗೆ ಬರುವಂಥದ್ದು. ಭಿನ್ನಮತದಲ್ಲಿ ನ್ಯಾಯಮೂರ್ತಿ ಕೇಗನ್ ಮಕ್ಕಳ ರಕ್ಷಣೆ ಅತ್ಯಗತ್ಯ ಎಂಬುದನ್ನು ಒಪ್ಪುತ್ತಾರೆ. ಅವರ ತಕರಾರು, ದೊಡ್ಡವರಿಗೆ ಹಕ್ಕಿರುವ ಮಾತಿಗೆ ಬಾಗಿಲು ಹಾಕುವಾಗ ಇದಕ್ಕಿಂತ ಕಡಿಮೆ ನೋವಿನ ದಾರಿ ಇದೆಯೇ ಎಂದು ಸರ್ಕಾರವನ್ನು ಗಟ್ಟಿಯಾಗಿ ಕೇಳಲೇಬೇಕಿತ್ತು ಎಂಬುದು.

ನನ್ನ ಮನಸ್ಸು ಕೇಗನ್ ಅವರ ಕಡೆಗಿದೆ. ಅಂಗಡಿಯವನು ಚೀಟಿ ನೋಡಿ ಹಿಂತಿರುಗಿಸುತ್ತಿದ್ದ, ಸಂಜೆಗೆ ಮರೆತಿರುತ್ತಿದ್ದ. ಡ್ರೈವಿಂಗ್ ಲೈಸೆನ್ಸಿನ ಫೋಟೊ ಪಡೆಯುವ ಯಂತ್ರಕ್ಕೆ ಮರೆವು ಇಲ್ಲ. ಟೆಕ್ಸಸ್ ಕಾನೂನು ಗುರುತಿನ ಮಾಹಿತಿಯನ್ನು ಇಟ್ಟುಕೊಳ್ಳಬಾರದು ಎನ್ನುತ್ತದೆ, ಇಟ್ಟುಕೊಂಡರೆ ದಂಡವೂ ಇದೆ. ಒಳ್ಳೆಯದೇ. ಆದರೂ ಏನು ನೋಡುತ್ತೇನೆಂಬುದಕ್ಕೆ ಹೆಸರು ಅಂಟಿಕೊಂಡೀತು ಎಂಬ ಹೆದರಿಕೆಯೇ ಒಬ್ಬ ವಯಸ್ಕನನ್ನು ದೂರ ಇಡಲು ಸಾಕು. 1969ರಲ್ಲಿ ಇದೇ ಕೋರ್ಟ್, ತನ್ನ ಮನೆಯಲ್ಲಿ ಒಬ್ಬನೇ ಕೂತ ಮನುಷ್ಯನಿಗೆ ಯಾವ ಪುಸ್ತಕ ಓದಬೇಕು, ಯಾವ ಸಿನಿಮಾ ನೋಡಬೇಕು ಎಂದು ಹೇಳುವ ಅಧಿಕಾರ ಸರ್ಕಾರಕ್ಕಿಲ್ಲ ಎಂದಿತ್ತು. ನೀವು ಸಮಾಧಾನಪಟ್ಟದ್ದು ತಪ್ಪು ಎನ್ನಲಾರೆ. ನಿಮ್ಮ ಮಗ ಅಂಥ ತಾಣಕ್ಕೆ ನೇರವಾಗಿ ಹೋಗುವ ದಾರಿಗೆ ಒಂದು ತಡೆ ಬಿದ್ದಿದೆ. ಹುಡುಕಾಟದ ತಾಣಗಳು, ಮೂರನೇ ಒಂದರ ಮಿತಿಯೊಳಗಿರುವ ಸಾಮಾಜಿಕ ಜಾಲತಾಣಗಳು ಈ ಕಾನೂನಿಗೆ ಸಿಗುವುದಿಲ್ಲ ಎಂಬುದು ನೆನಪಿರಲಿ. ಅಲ್ಲಿಗೆ ನೀವೇ ಬೇಕು.

ಲೈಬ್ರರಿಯ ಪುಸ್ತಕದ ಕಥೆ ಬೇರೆಯೇ. ಅದು ಇಂದಿನ ಅಳತೆಗೋಲಿನಲ್ಲಿ ಅಶ್ಲೀಲ ಆಗಲಾರದು. ದೇಹದ ಬೆಳವಣಿಗೆಯನ್ನು ವಿವರಿಸುವ ಪುಸ್ತಕ ಮಿಲ್ಲರ್‌ನ ಮೂರನೆಯ ಪ್ರಶ್ನೆಯಲ್ಲೇ ಪಾರಾಗುತ್ತದೆ. ಆದರೆ ಅದನ್ನು ತೆಗೆದವರು ಅಶ್ಲೀಲ ಎಂದು ಸಾಬೀತು ಮಾಡಬೇಕಾಗಿಯೇ ಇಲ್ಲ ಎಂಬುದು ನಿಮ್ಮ ರಾಜ್ಯದ ಇಂದಿನ ಸ್ಥಿತಿ. 1982ರ ಪಿಕೊ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಕೆಲವು ನ್ಯಾಯಮೂರ್ತಿಗಳು, ವಿಚಾರ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ಶಾಲೆಯ ಲೈಬ್ರರಿಯಿಂದ ಪುಸ್ತಕ ತೆಗೆಯಬಾರದು ಎಂದಿದ್ದರು. ಬಹುಮತ ಒಗ್ಗೂಡಿರಲಿಲ್ಲ. ಟೆಕ್ಸಸ್‌ನ ಲಾನೊ ಕೌಂಟಿ ಸಾರ್ವಜನಿಕ ಲೈಬ್ರರಿಯಿಂದ 17 ಪುಸ್ತಕ ತೆಗೆದದ್ದನ್ನು ಪ್ರಶ್ನಿಸಿದ ಓದುಗರ ವಿರುದ್ಧ 2025ರ ಮೇ ತಿಂಗಳಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು: ಲೈಬ್ರರಿ ಇಂಥ ಪುಸ್ತಕ ಇಡಲೇಬೇಕು ಎಂದು ಕೇಳುವ ಹಕ್ಕನ್ನು ಮೊದಲ ತಿದ್ದುಪಡಿ ಓದುಗರಿಗೆ ಕೊಡುವುದಿಲ್ಲ. ಆ ತೀರ್ಪು ಟೆಕ್ಸಸ್, ಲೂಸಿಯಾನಾ, ಮಿಸಿಸಿಪಿಗೆ ಅನ್ವಯಿಸುತ್ತದೆ. ನನಗೆ ಅದು ತಪ್ಪು ತೀರ್ಪು ಅನ್ನಿಸುತ್ತದೆ. ದುಡ್ಡಿದ್ದವರು ಆ ಪುಸ್ತಕವನ್ನು ಕೊಂಡು ಓದಬಹುದು, ಡೆನೆಟ್‌ರ ಕಾಲದ ಹಾಗೆ ಯಾರೂ ಜೈಲಿಗೆ ಹಾಕುವುದಿಲ್ಲ. ಕೊಳ್ಳಲಾಗದ ಮನೆಯ ಹುಡುಗಿಗೆ, ಅಮ್ಮನ ಹತ್ತಿರ ಬಾಯಿಬಿಟ್ಟು ಕೇಳಲಾಗದ ಹುಡುಗಿಗೆ, ಕಪಾಟಿನಲ್ಲಿದ್ದ ಆ ಒಂದು ಪ್ರತಿಯೇ ಎಲ್ಲ.

ನ್ಯಾಯಾಲಯದ ಬಾಗಿಲು ಸದ್ಯಕ್ಕೆ ಮುಚ್ಚಿರುವಾಗ ಉಳಿದಿರುವುದು ಪುಸ್ತಕ ತೆಗೆದ ಸಭೆಯ ಬಾಗಿಲು. ಊರಿನ ಅಥವಾ ಕೌಂಟಿಯ ಆಡಳಿತ ಮಂಡಳಿಯ ಸಭೆ ಸಾರ್ವಜನಿಕ. ಅಜೆಂಡಾದಲ್ಲಿರುವ ವಿಷಯದ ಮೇಲೆ ನೀವು ಮಾತಾಡಬಹುದು, ನಾಗರಿಕರಾಗಿರಬೇಕೆಂದೂ ಇಲ್ಲ. ಅದಕ್ಕೂ ಮೊದಲು ನಮ್ಮ ಮಾಹಿತಿ ಹಕ್ಕಿನಂಥದ್ದೇ ಆದ ಟೆಕ್ಸಸ್ ಪಬ್ಲಿಕ್ ಇನ್ಫರ್ಮೇಷನ್ ಆಕ್ಟ್ ಅಡಿಯಲ್ಲಿ ಒಂದು ಅರ್ಜಿ ಬರೆಯಿರಿ. ಆ ಪುಸ್ತಕದ ವಿರುದ್ಧ ಬಂದ ದೂರು, ಅದರ ಮೇಲೆ ನಡೆದ ಇಮೇಲ್‌ಗಳು, ತೆಗೆಯಲು ಕೊಟ್ಟ ಆದೇಶ, ಲೈಬ್ರರಿಯ ಲಿಖಿತ ನಿಯಮ, ಈ ನಾಲ್ಕರ ಪ್ರತಿ ಕೇಳಿ. 'ಯಾಕೆ ತೆಗೆದಿರಿ' ಎಂದು ಬರೆಯಬೇಡಿ. ಆ ಕಾನೂನಿನಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ, ಇರುವ ದಾಖಲೆಯನ್ನು ಕೊಡುವ ಬಾಧ್ಯತೆ ಇದೆ.